ಕೋವಿ ಪಳಗಿಸುವ ಕೈಗಳು

ಚಿಕ್ಕಪೇಟೆ ಚೌಕದಿಂದ ಸಿಟಿ ಮಾರ್ಕೆಟ್ ದಾಟಿ ಎಸ್.ಜೆ.ಪಿ. ರಸ್ತೆಯವರೆಗೆ ನಡೆದು ಬಂದವರಿಗೆ ಹಳೆಯ ಬೆಂಗಳೂರಿನ ಒಂದು ಸ್ವಭಾವ ಅರ್ಥವಾಗುತ್ತದೆ. ಇಲ್ಲಿ ಯಾವ ಸಾಮಾನೂ ಕೊಂಡ ದಿನಕ್ಕೇ ಮುಗಿಯುವುದಿಲ್ಲ. ಬಳೇಪೇಟೆಯಲ್ಲಿ ಹಾರ್ಮೋನಿಯಂ ಬಿಚ್ಚಿ ಸ್ವರ ಸರಿಮಾಡಿಕೊಡುತ್ತಾರೆ. ಕುಂಬಾರಗುಂಡಿಯಲ್ಲಿ ಹಳೆಯ ಗಾಡಿಯ ಭಾಗ ಹುಡುಕಿ ಇನ್ನೊಂದು ಗಾಡಿಗೆ ಹೊಂದಿಸುತ್ತಾರೆ. ಚಿಕ್ಕಪೇಟೆಯಲ್ಲಿ ಕೊಂಡ ಅಗ್ಗದ ರೆಡಿಮೇಡ್ ಅಂಗಿಯನ್ನು ಗಲ್ಲಿಯ ಒಳಗಿನ ಟೇಲರ್ ಹತ್ತಿರ ಒಯ್ದರೆ, ಭುಜದಲ್ಲಿ ಅರ್ಧ ಇಂಚು, ತೋಳಲ್ಲಿ ಒಂದಿಂಚು ಹಿಡಿದು, ಮೈಗೆ ಅಳತೆ ಕೊಟ್ಟು ಹೊಲಿಸಿದಂತೆ ಮಾಡಿಕೊಡುತ್ತಾನೆ.

ಬೇಟೆ ರೈಫಲ್ಲಿನ ವಿಷಯದಲ್ಲೂ ಜಗತ್ತಿನಲ್ಲಿ ಇಂಥದೊಂದು ಟೇಲರಿಕೆ ಇದೆ. ಅಮೆರಿಕದಲ್ಲಿ ಅದು ದೊಡ್ಡ ಹವ್ಯಾಸ. ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಬೋಲ್ಟ್ ರೈಫಲ್ ಕೊಂಡು, ಅದರ ಪ್ಲಾಸ್ಟಿಕ್ ಹಿಡಿ ತೆಗೆದು ಒಳ್ಳೆಯ ಹಿಡಿ ಕೂರಿಸಿ, ಟ್ರಿಗರ್ ಬದಲಿಸಿ, ಕೊನೆಗೆ ನಳಿಗೆಯನ್ನೂ ಬದಲಿಸಿ, ಮೂರು ಪಟ್ಟು ಬೆಲೆಯ ರೈಫಲ್ಲಿಗೆ ಸಮನಾದದ್ದನ್ನು ಕಟ್ಟಿಕೊಳ್ಳುತ್ತಾರೆ. ಇದಕ್ಕೆ ದಾರಿ ಮಾಡಿಕೊಟ್ಟದ್ದು 1958ರಲ್ಲಿ ಬಂದ ಸ್ಯಾವೇಜ್ 110. ಅಗ್ಗದಲ್ಲಿ ತಯಾರಿಸಬೇಕು ಎಂಬ ಒಂದೇ ಉದ್ದೇಶದಿಂದ ಅದರ ವಿನ್ಯಾಸಕಾರ ನಳಿಗೆಯನ್ನು ಒಂದು ದೊಡ್ಡ ನಟ್ಟಿನಿಂದ ಬಿಗಿದ. ಕಾರ್ಖಾನೆಯ ಖರ್ಚು ಉಳಿಸಲು ಹುಟ್ಟಿದ ಆ ನಟ್ಟು ಮುಂದೆ ಹವ್ಯಾಸಿಗಳಿಗೆ ವರವಾಯಿತು. ಬೇರೆ ಹೆಚ್ಚಿನ ರೈಫಲ್ಲುಗಳ ನಳಿಗೆ ಬದಲಿಸಲು ಲೇತ್ ಬೇಕು, ನುರಿತ ಕೈ ಬೇಕು. ಇದಕ್ಕೆ ಒಂದು ಸ್ಪ್ಯಾನರ್ ಮತ್ತು ಅಂತರ ಅಳೆಯುವ ಗೇಜು ಸಾಕು.

ನಮ್ಮ ಊರಲ್ಲಿ ಇದನ್ನು ಮನೆಯಲ್ಲಿ ಮಾಡುವಂತಿಲ್ಲ. ಮಾಡಬಾರದು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ, ಅದರ ಕಾನೂನಿಗೆ ಆಮೇಲೆ ಬರುತ್ತೇನೆ. ಆದರೆ ಅಗ್ಗದ ಕೋವಿಯನ್ನು ಆಧಾರವಾಗಿಟ್ಟುಕೊಂಡು ಒಳ್ಳೆಯದೊಂದನ್ನು ಕಟ್ಟುವ ವಿದ್ಯೆ ಹೊರಗಿನದು ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ನಮ್ಮ ದೇಶದ ಅತ್ಯಂತ ಸಾಮಾನ್ಯ ಬೇಟೆ ರೈಫಲ್ಲೇ ಅಂಥ ಒಂದು ಮಾರ್ಪಾಡಿನ ಕೂಸು.

‘ತ್ರೀ ಫಿಫ್ಟೀನ್’ ಎಂದರೆ ಲೈಸೆನ್ಸ್ ಇರುವ ಯಾರಿಗೂ ಗೊತ್ತು. .315 ಬೋರಿನ, ಅಂದರೆ ಹತ್ತಿರಹತ್ತಿರ 8 ಮಿ.ಮೀ. ತೋಟದ (ಕಾರ್ಟ್ರಿಜ್ಜಿನ) ಈ ರೈಫಲ್ ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯದು. ಬಿಚ್ಚಿ ನೋಡಿದರೆ ಒಳಗಿರುವುದು ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸಿಪಾಯಿಯ ಹೆಗಲ ಮೇಲಿದ್ದ ಲೀ-ಎನ್‌ಫೀಲ್ಡ್. ಅದೇ ಬೋಲ್ಟು, ಅದೇ ಹಿಂಬದಿಯಲ್ಲಿ ಬೀಗ ಬೀಳುವ ಕಟ್ಟು. ಸೈನ್ಯದ ರೈಫಲ್ಲಿನ ಮುಂದಿನ ಮರ ಕಳಚಿ, ಬೇರೆ ತೋಟಕ್ಕೆ ಹೊಂದುವ ನಳಿಗೆ ಕೂರಿಸಿದರೆ ತ್ರೀ ಫಿಫ್ಟೀನ್ ಆಯಿತು.

ಬೇರೆ ತೋಟ ಯಾಕೆ? ಬ್ರಿಟಿಷರ ಭಯ. ಸೈನ್ಯದ .303 ತೋಟ ಹೊರಗಿನವರ ಕೈಗೆ ಸಿಕ್ಕರೆ ಅದೇ ತಮ್ಮ ಮೇಲೆ ತಿರುಗಬಹುದು ಎಂದು ಖಾಸಗಿಯವರು ಸೈನ್ಯದ ಬೋರಿನ ರೈಫಲ್ ಇಟ್ಟುಕೊಳ್ಳುವುದನ್ನು ಅವರು ತಡೆದರು. ಇಂಗ್ಲೆಂಡಿನ ಕೋವಿ ತಯಾರಕರಿಗೆ ಭಾರತದ ಮಾರುಕಟ್ಟೆ ಬಿಡಲು ಮನಸ್ಸಿಲ್ಲ. ಬಿ.ಎಸ್.ಎ. ಕಂಪನಿಯವರು ತಮ್ಮಲ್ಲಿ ಹೇರಳವಾಗಿದ್ದ ಲೀ-ಎನ್‌ಫೀಲ್ಡ್ ಆಕ್ಷನ್ನಿಗೆ, ಅಂದರೆ ಬೋಲ್ಟು ಕೂರುವ ಕಟ್ಟಿಗೆ, ಆಸ್ಟ್ರಿಯಾ-ಹಂಗೇರಿಯ ಸೈನ್ಯದ 8 ಮಿ.ಮೀ. ತೋಟವನ್ನು ಹೊಂದಿಸಿ, ಅದನ್ನು .315 ಎಂದು ಕರೆದು ಇಲ್ಲಿಗೆ ಕಳಿಸಿದರು. ಸ್ವಾತಂತ್ರ್ಯದ ನಂತರವೂ .303 ನಿಷೇಧಿತ ಬೋರ್ ಆಗಿಯೇ ಉಳಿದಿದೆ, ಆದರೆ .315 ಲೈಸೆನ್ಸಿಗೆ ಸಿಗುತ್ತದೆ. ಒಂದು ಸಾಮ್ರಾಜ್ಯದ ಅಂಜಿಕೆಯಿಂದ ಹುಟ್ಟಿದ ಅಳತೆ, ಆ ಸಾಮ್ರಾಜ್ಯ ಮುಗಿದು ಮುಕ್ಕಾಲು ಶತಮಾನ ಕಳೆದರೂ ನಮ್ಮ ಕಾಫಿ ತೋಟಗಳ ಕಪಾಟಿನಲ್ಲಿದೆ.

ಆ ಕಾಲದ ದೊರೆಗಳ ದುಬಾರಿ ರೈಫಲ್ಲುಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಬಂದ ರಿಗ್ಬಿ .275 ರೈಫಲ್ಲಿನ ಆಕ್ಷನ್ ಲಂಡನ್ನಿನದಲ್ಲ, ಜರ್ಮನಿಯ ಮೌಸರ್ ಕಾರ್ಖಾನೆಯದು. ಸೈನ್ಯಕ್ಕೆಂದು ಲಕ್ಷಗಟ್ಟಲೆ ತಯಾರಾಗುತ್ತಿದ್ದ ಕಟ್ಟು ಅದು. ಲಂಡನ್ನಿನವರು ಅದಕ್ಕೆ ಅಕ್ರೋಟು ಮರದ ಹಿಡಿ ಕೊರೆದು, ಟ್ರಿಗರ್ ತಿದ್ದಿ, ಗುರಿಕಣ್ಣು ಕೂರಿಸಿ, ಕೊಳ್ಳುವವನ ತೋಳಿಗೆ ತಕ್ಕಂತೆ ಮಾಡಿ ರಿಗ್ಬಿ ಎಂದು ಹೆಸರು ಬರೆದರು. ಎರಡು ಮಹಾಯುದ್ಧಗಳು ಮುಗಿದ ಮೇಲೆ ಬೇಡವಾಗಿ ಬಿದ್ದಿದ್ದ ಮೌಸರ್‌ಗಳನ್ನು ಅಮೆರಿಕದ ಕುಶಲಕರ್ಮಿಗಳು ಹೀಗೆಯೇ ಬೇಟೆ ರೈಫಲ್ಲುಗಳಾಗಿ ಮಾಡಿದರು. ಬೆಲೆಯೆಲ್ಲ ಕೈಕೆಲಸದ್ದು.

ನಮ್ಮ ಪೇಟೆಗೂ ಈ ವಿದ್ಯೆಯ ನೆನಪಿದೆ. ಸಿಟಿ ಮಾರ್ಕೆಟ್ ಪಕ್ಕದ ತಾರಾಮಂಡಲಪೇಟೆಗೆ ಆ ಹೆಸರು ಬಂದದ್ದು ಟಿಪ್ಪುವಿನ ಕಾಲದ ರಾಕೆಟ್ಟುಗಳಿಂದ ಎನ್ನುತ್ತಾರೆ. ಹೈದರನ, ಟಿಪ್ಪುವಿನ ಕಾರ್ಖಾನೆಗಳಲ್ಲಿ ಯುರೋಪಿನ ಚಕಮಕಿ ಕೋವಿಯ ಬೀಗವನ್ನು ಬಿಚ್ಚಿ, ಅಳೆದು, ನಮ್ಮ ಕಮ್ಮಾರರು ನಮ್ಮ ಉಕ್ಕಿನಲ್ಲಿ ಮಾಡಿದರು. ಶ್ರೀರಂಗಪಟ್ಟಣದಂತೆ ಬೆಂಗಳೂರಿನಲ್ಲೂ ಕೋವಿ ತಯಾರಾಗುತ್ತಿತ್ತು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಮೊದಲು ಪೇಟೆಯನ್ನೂ ಎರಡು ವಾರದ ನಂತರ ಕೋಟೆಯನ್ನೂ ಹಿಡಿಯಿತು. ಟಿಪ್ಪುವಿನ ಶಸ್ತ್ರಾಗಾರದ ಇಟ್ಟಿಗೆ ಕಟ್ಟಡ ಇವತ್ತಿಗೂ ಕಲಾಸಿಪಾಳ್ಯದ ಗದ್ದಲದಲ್ಲಿ ಅರ್ಧ ಮರೆಯಾಗಿ ನಿಂತಿದೆ. ನನಗೆ ಅದರ ಮುಂದೆ ಹಾದಾಗಲೆಲ್ಲ ಯುದ್ಧಕ್ಕಿಂತ ಹೆಚ್ಚಾಗಿ ಆ ಕಮ್ಮಾರರ ನೆನಪಾಗುತ್ತದೆ. 1800ರಲ್ಲಿ ಈ ಸೀಮೆಯ ಸಮೀಕ್ಷೆಗೆಂದು ಸುತ್ತಿದ ಬ್ರಿಟಿಷ್ ಅಧಿಕಾರಿ ಬುಕಾನನ್, ಮಾಗಡಿ ಕಡೆಯ ಉಕ್ಕಿನ ಒಲೆಗಳನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ಬರೆದಿಟ್ಟಿದ್ದಾನೆ. ತಂತಿ ಎಳೆಯುವ ಕೈ, ಸ್ಪ್ರಿಂಗ್ ಕಾಯಿಸಿ ಹದಕ್ಕೆ ತರುವ ಕೈ ಈ ನೆಲದಲ್ಲಿ ಆಗಲೇ ಇತ್ತು.

ಆಮೇಲಿನ ಶತಮಾನದಲ್ಲಿ ಚಕಮಕಿ ಕೋವಿಗಳು ಕೇಪಿನ (ಪೆಟ್ಟಿಗೆ ಸಿಡಿಯುವ ಸಣ್ಣ ಮದ್ದಿನ ಟೋಪಿಯ) ಕೋವಿಗಳಾದವು. ಇಡೀ ಜಗತ್ತಿನಲ್ಲಿ ನಡೆದದ್ದು ಇದು: ಹಳೆಯ ಕೋವಿ ಎಸೆಯದೆ, ಚಕಮಕಿಯ ಬಟ್ಟಲು ತೆಗೆದು ಕೇಪು ಕೂರುವ ಮೊಳೆ ತಿರುಗಿಸಿ, ಕುದುರೆ (ಹ್ಯಾಮರ್) ಬದಲಿಸಿ ಬಿಟ್ಟರೆ ಮಳೆಯಲ್ಲೂ ಹಾರುವ ಕೋವಿ. ಮಲೆನಾಡಿನ ಮನೆಗಳಲ್ಲಿ ಕೇಪಿನ ನಾಡಕೋವಿ ತಲೆಮಾರುಗಳ ಕಾಲ ಬಾಳಿದ್ದು ಊರಿನ ಆಚಾರಿಯೇ ಅದನ್ನು ರಿಪೇರಿ ಮಾಡಬಲ್ಲವನಾಗಿದ್ದರಿಂದ. ಬಳಿಕ ಒಂಟಿ ನಳಿಗೆ, ಜೋಡಿ ನಳಿಗೆಯ ತೋಟಾ ಕೋವಿಗಳು ಬಂದವು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಶಿಕಾರಿ ಆ ಬದುಕಿನಲ್ಲಿ ಎಷ್ಟು ಸಹಜವಾಗಿತ್ತು ಎಂದು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲೇ ಇದ್ದು ಎಚ್.ಎ.ಎಲ್.ನಲ್ಲಿ ಕೆಲಸ ಮಾಡಿದ ಬೇಟೆಗಾರ-ಲೇಖಕ ಕೆನೆತ್ ಆ್ಯಂಡರ್ಸನ್ ಒಂದೇ .405 ವಿಂಚೆಸ್ಟರ್ ರೈಫಲ್ಲನ್ನು ಬಹುಕಾಲ ನಂಬಿದ್ದರು. ಕಾರ್ಖಾನೆಯ ಸಾಮಾನ್ಯ ರೈಫಲ್ಲೇ ಅದು, ಆದರೆ ಮೈಗೆ ಒಗ್ಗಿದ್ದು. ತೇಜಸ್ವಿ ಕನ್ನಡಕ್ಕೆ ತಂದ ಅವರ ಕಾಡಿನ ಕಥೆಗಳಲ್ಲಿ ಕತ್ತಲಲ್ಲಿ ಒಂದೇ ಕ್ಷಣ ಸಿಗುವ ಸಂದರ್ಭಗಳು ಎಷ್ಟಿವೆ! ಆ ಕ್ಷಣದಲ್ಲಿ ರೈಫಲ್ ತಾನಾಗಿ ಭುಜಕ್ಕೆ ಬಂದು ಕೂರಬೇಕು, ಕಣ್ಣು ತಾನಾಗಿ ಗುರಿಕಣ್ಣಿನ ಸಾಲಿಗೆ ಬರಬೇಕು.

ನನ್ನ ಮುಖ್ಯ ಮಾತು ಇಲ್ಲಿದೆ. ತ್ರೀ ಫಿಫ್ಟೀನ್ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಹಣ ಹಾಕುವುದು ಹೊಳಪಿಗೆ. ಬ್ಲೂಯಿಂಗ್ (ಉಕ್ಕಿನ ಮೇಲಿನ ನೀಲಿಗಪ್ಪು ಬಣ್ಣ) ಹೊಸದಾಗಿ ಮಾಡಿಸುತ್ತಾರೆ, ಹಿಡಿಗೆ ಗಾಜಿನಂಥ ಪಾಲಿಶ್ ಹೊಡೆಸುತ್ತಾರೆ, ದುರ್ಬೀನು ಕೂರಿಸುವ ಆಸೆ ಪಡುತ್ತಾರೆ. ಹಣ ಸಲ್ಲಬೇಕಾದದ್ದು ಮರಕ್ಕೆ.

ಲೀ-ಎನ್‌ಫೀಲ್ಡ್ ಹಿಡಿಯಲ್ಲಿ ಎರಡು ತುಂಡುಗಳಿವೆ. ಭುಜಕ್ಕೆ ಒತ್ತುವ ಹಿಂದಿನ ಬುಡ ಬೇರೆ, ನಳಿಗೆಯನ್ನು ಹೊರುವ ಮುಂದಿನ ಮರ ಬೇರೆ. ಬುಡದ ಒಳಗಿನ ಒಂದು ಉದ್ದನೆಯ ಬೋಲ್ಟು ಬಿಚ್ಚಿದರೆ ಅದು ಕಳಚಿ ಬರುತ್ತದೆ. ಬ್ರಿಟಿಷ್ ಸೈನ್ಯದಲ್ಲಿ ಈ ಬುಡ ನಾಲ್ಕು ಉದ್ದಗಳಲ್ಲಿ ಬರುತ್ತಿತ್ತು, ಉದ್ದಕ್ಕೊಂದು ಅಕ್ಷರದ ಗುರುತು. ಗಿಡ್ಡನೆಯ ಸಿಪಾಯಿಗೆ ಗಿಡ್ಡ ಬುಡ, ಎತ್ತರದವನಿಗೆ ಉದ್ದನೆಯದು. ಸೈನ್ಯವೇ ಇಷ್ಟು ಯೋಚಿಸಿತ್ತು! ಇವತ್ತು ಅಂಗಡಿಯಿಂದ ತರುವ ರೈಫಲ್ಲಿನ ಬುಡ ಒಂದೇ ಅಳತೆಯದು. ತೋಳು ಗಿಡ್ಡವಿದ್ದವನು ಕತ್ತು ಚಾಚಿ ಗುರಿ ನೋಡುತ್ತಾನೆ, ಈಡು ಹಾರಿದಾಗ ಕೆನ್ನೆಗೆ ಪೆಟ್ಟು ತಿನ್ನುತ್ತಾನೆ, ಮುಂದಿನ ಈಡಿಗೆ ಹೆದರಿ ಕಣ್ಣು ಮುಚ್ಚುತ್ತಾನೆ. ಆಮೇಲೆ ರೈಫಲ್ ಸರಿಯಿಲ್ಲ ಎನ್ನುತ್ತಾನೆ. ಬುಡವನ್ನು ಅರ್ಧ ಇಂಚು ಕಡಿಮೆ ಮಾಡಿ, ಕೊನೆಗೆ ರಬ್ಬರ್ ಪಟ್ಟಿ ಹಾಕಿ, ಕೆನ್ನೆ ಒರಗುವ ಜಾಗವನ್ನು ತುಸು ಏರಿಸಿದರೆ ಅದೇ ರೈಫಲ್ ಬೇರೆಯೇ ಆಗುತ್ತದೆ.

ಮುಂದಿನ ಮರದ್ದು ಇನ್ನೂ ಸೂಕ್ಷ್ಮ. ಈಡು ಹಾರುವಾಗ ನಳಿಗೆ ನಡುಗುತ್ತದೆ. ಪ್ರತಿ ಸಲವೂ ಒಂದೇ ರೀತಿ ನಡುಗಿದರೆ ಗುಂಡು ಒಂದೇ ಕಡೆ ಹೋಗುತ್ತದೆ. ಮರ ಒಂದು ಬದಿಯಲ್ಲಿ ನಳಿಗೆಯನ್ನು ಒತ್ತಿದರೆ ಆ ನಡುಕದ ಲಯ ಕೆಡುತ್ತದೆ. ಚಾಮರಾಜಪೇಟೆಯ ಮನೆಯಲ್ಲಿ ಒಣಗಿ ಕುಳಿತ ರೈಫಲ್ಲನ್ನು ಜುಲೈ ತಿಂಗಳಲ್ಲಿ ಮಡಿಕೇರಿಗೋ ಮೂಡಿಗೆರೆಗೋ ಒಯ್ದರೆ ಮರ ನೀರು ಹೀರಿ ಉಬ್ಬುತ್ತದೆ, ನಳಿಗೆಯನ್ನು ತಳ್ಳುತ್ತದೆ, ಬೇಸಗೆಯಲ್ಲಿ ಸರಿಯಾಗಿದ್ದ ಗುರಿ ಮಳೆಗಾಲದಲ್ಲಿ ಪಕ್ಕಕ್ಕೆ ಸರಿಯುತ್ತದೆ. ಪರಿಹಾರ ಎರಡು: ನಳಿಗೆಯ ಸುತ್ತ ಮರವನ್ನು ತೆಳ್ಳಗೆ ಕೆರೆದು ಅದು ಎಲ್ಲೂ ತಾಗದಂತೆ ಮಾಡುವುದು, ಆಕ್ಷನ್ ಕೂರುವ ಜಾಗವನ್ನು ಅಲುಗಾಡದಂತೆ ಎಪಾಕ್ಸಿಯಿಂದ ಭದ್ರಪಡಿಸುವುದು. ಹೊರದೇಶದ ಕಸ್ಟಮ್ ರೈಫಲ್ ಕಟ್ಟುವವರು ಮೊದಲು ಮಾಡುವ ಕೆಲಸವೂ ಇದೇ. ಇಷಾಪುರದವರಿಗೆ ನಮ್ಮ ಹವೆಯ ಈ ಕಾಟ ಚೆನ್ನಾಗಿ ಗೊತ್ತಿತ್ತು. ಅವರು ತಯಾರಿಸಿದ ಸೈನ್ಯದ ರೈಫಲ್ಲುಗಳ ಮುಂದಿನ ಮರದಲ್ಲಿ, ಸೀಳದಿರಲಿ ಎಂದು ಅಡ್ಡಲಾಗಿ ಬಿಗಿದ ಒಂದು ತಿರುಪು ಇರುತ್ತದೆ. ಇಷಾಪುರದ್ದು ಎಂದು ಗುರುತು ಹಿಡಿಯಲು ಸಂಗ್ರಾಹಕರು ಇವತ್ತಿಗೂ ಆ ತಿರುಪನ್ನು ಹುಡುಕುತ್ತಾರೆ.

ಮರದ ಆಯ್ಕೆಯಲ್ಲೂ ನಮ್ಮವರು ಎಡವುವುದುಂಟು. ಬೀಟೆಯ ಹಿಡಿ ಎಂದರೆ ಘನತೆ ಎಂಬ ಭಾವನೆ ಇದೆ. ಬೀಟೆ ಚೆಂದ, ಆದರೆ ಭಾರ. ಅಕ್ರೋಟು ಮರ ಹಗುರ, ಎಳೆ ಬಿಗಿ, ಒಮ್ಮೆ ಹದವಾಗಿ ಒಣಗಿದರೆ ಆಮೇಲೆ ಹೆಚ್ಚು ಅಲುಗುವುದಿಲ್ಲ, ಈಡಿನ ಒದೆತಕ್ಕೆ ಸೀಳುವುದಿಲ್ಲ. ಜಗತ್ತಿನ ಕೋವಿಕಾರರು ಶತಮಾನಗಳಿಂದ ಅದನ್ನೇ ಹಿಡಿದುಕೊಂಡದ್ದು ಸುಮ್ಮನೆ ಅಲ್ಲ.

ಲೋಹದ ಕಡೆ ಮಾಡಬೇಕಾದದ್ದು ಕಡಿಮೆ. ನಳಿಗೆಯ ಬಾಯಿ ನೋಡಬೇಕು. ಗುಂಡು ಹೊರಬೀಳುವ ಆ ಅಂಚಿನಲ್ಲಿ ಒಂದು ಸಣ್ಣ ಗೀರು ಬಿದ್ದಿದ್ದರೂ ಗುಂಡು ಓರೆಯಾಗುತ್ತದೆ, ಬಾಯಿಯ ಕಡೆಯಿಂದ ಕಬ್ಬಿಣದ ಸಲಾಕೆ ತೂರಿಸಿ ಒರೆಸಿ ಒರೆಸಿ ಹಾಳು ಮಾಡಿದ ರೈಫಲ್ಲುಗಳು ಬೇಕಾದಷ್ಟಿವೆ. ಬೋಲ್ಟಿನ ತಲೆಗೂ ತೋಟದ ಬುಡಕ್ಕೂ ನಡುವಿನ ಅಂತರ ಗೇಜಿನಿಂದ ಅಳೆಸಬೇಕು. ಲೀ-ಎನ್‌ಫೀಲ್ಡಿನ ಬೋಲ್ಟಿನ ತಲೆ ತಿರುಪಿ ತೆಗೆಯಬಹುದಾದದ್ದು, ಸವೆದಿದ್ದರೆ ಅದನ್ನಷ್ಟೇ ಬದಲಿಸಬಹುದು. ಟ್ರಿಗರನ್ನು ನುಣುಪು ಮಾಡಬಹುದು, ಹಗುರ ಮಾಡುವ ಆಸೆ ಬೇಡ. ಕೆಳಗೆ ಬಿದ್ದರೆ ತಾನೇ ಹಾರುವ ರೈಫಲ್ ಯಾರಿಗೂ ಬೇಕಿಲ್ಲ.

ದುಬಾರಿ ನಳಿಗೆಯ ಚಿಂತೆ ನಮಗೆ ಯಾಕೆ ಬೇಡ ಎಂದರೆ, ತೋಟದ ಆಯ್ಕೆಯೇ ಇಲ್ಲ. ಅಮೆರಿಕದವನು ತನ್ನ ನಳಿಗೆಗೆ ಯಾವ ಗುಂಡು, ಎಷ್ಟು ಮದ್ದು ಹೊಂದುತ್ತದೆ ಎಂದು ತಾನೇ ತುಂಬಿ ತುಂಬಿ ನೋಡುತ್ತಾನೆ. ನಮ್ಮ ತ್ರೀ ಫಿಫ್ಟೀನಿಗೆ ಸಿಗುವುದು ಪುಣೆ ಬಳಿಯ ಖಡಕಿಯ ಕಾರ್ಖಾನೆಯ ತೋಟ, ಅದೂ ಲೈಸೆನ್ಸಿನಲ್ಲಿ ಬರೆದಷ್ಟು. ಒಂದೇ ಬಗೆಯ ತೋಟಕ್ಕೆ ಇರುವ ನಳಿಗೆಯೇ ಸಾಕು.

ಈಗ ಕಾನೂನು. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ತಯಾರಿಸುವುದಕ್ಕಷ್ಟೇ ಅಲ್ಲ, ಮಾರ್ಪಡಿಸುವುದಕ್ಕೂ, ರಿಪೇರಿಯನ್ನು ವೃತ್ತಿಯಾಗಿ ಮಾಡುವುದಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗವೂ ಆಯುಧವೇ, ಹಾಗಾಗಿ ಲೈಸೆನ್ಸ್ ಇಲ್ಲದೆ ಹೊರದೇಶದಿಂದ ಒಂದು ನಳಿಗೆ ತರಿಸಿಕೊಂಡರೂ ಅಪರಾಧ. ನಳಿಗೆ ಗಿಡ್ಡ ಮಾಡುವುದು, ಬೋರ್ ಬದಲಿಸುವುದು, ನಂಬರ್ ಅಳಿಸುವುದು ಜೈಲಿನ ದಾರಿ. 2019ರ ತಿದ್ದುಪಡಿ ಅಕ್ರಮ ತಯಾರಿಕೆಗೆ ಶಿಕ್ಷೆಯನ್ನು ಜೀವಾವಧಿಯವರೆಗೂ ಏರಿಸಿದೆ, ಒಬ್ಬರ ಹೆಸರಲ್ಲಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕಿನ (ಕೋವಿಯ) ಬಾಯಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವ ಆ ಮನೆಗಳಿಗೂ ಸಿಕ್ಕಿರುವುದು ಇಟ್ಟುಕೊಳ್ಳುವ ವಿನಾಯಿತಿ. ಬಂದೂಕನ್ನು ಮಾರ್ಪಡಿಸುವ ಅನುಮತಿ ಅದರಲ್ಲಿ ಬರುವುದಿಲ್ಲ.

ಬೇಟೆಯಂತೂ ಇಲ್ಲ. 1972ರ ವನ್ಯಜೀವಿ ಕಾಯ್ದೆ ಮತ್ತು 1991ರ ತಿದ್ದುಪಡಿಯ ನಂತರ ಮೋಜಿನ ಶಿಕಾರಿ ಮುಗಿದ ಅಧ್ಯಾಯ, ಮುಗಿದದ್ದು ಒಳ್ಳೆಯದೇ ಆಯಿತು. ಬೇಟೆ ರೈಫಲ್ ಎಂದು ಹೆಸರಿರುವ ಇದಕ್ಕೆ ಉಳಿದಿರುವ ಕೆಲಸ ಬೆಳೆ ಕಾಯುವುದು, ಆತ್ಮರಕ್ಷಣೆ ಮತ್ತು ಗುರಿ ಹೊಡೆಯುವುದು. ಈ ಮೂರನೆಯದರ ಮೇಲೆ ನನಗೆ ಬಹಳ ಭರವಸೆ ಇದೆ.

ಯಾಕೆಂದರೆ ಅಗ್ಗದ ರೈಫಲ್ಲನ್ನು ತನ್ನದಾಗಿಸಿಕೊಳ್ಳುವ ಹಂಬಲಕ್ಕೆ ನಮ್ಮ ಯುವಕರಿಗೆ ಕಾನೂನಿನ ಒಳಗೇ ಒಂದು ಬಾಗಿಲು ತೆರೆದಿದೆ: ಏರ್ ರೈಫಲ್. 4.5 ಮಿ.ಮೀ. ಬೋರಿನ, 20 ಜೌಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಆ ಮಿತಿಯನ್ನು ದಾಟಿಸುವ ಮಾರ್ಪಾಡಿಗೆ ಮಾತ್ರ ಕೈ ಹಾಕಬಾರದು, ಹಕ್ಕಿಗಳತ್ತ ತಿರುಗಿಸಬಾರದು. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಜನರು ಏರ್‌ಗನ್ ಒಪ್ಪಿಸುವ ಅಭಿಯಾನ ನಡೆಸಬೇಕಾಗಿ ಬಂದದ್ದು ಹಕ್ಕಿಗಳು ಬರಿದಾದದ್ದಕ್ಕೇ. ಆದರೆ ಹಿಡಿಯ ವಿಷಯದಲ್ಲಿ ಎಷ್ಟು ಬೇಕಾದರೂ ಪ್ರಯೋಗ ಮಾಡಬಹುದು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ 10 ಮೀಟರ್ ಏರ್ ರೈಫಲ್ ಫೈನಲ್ ತಲುಪಿದ ಸುಮಾ ಶಿರೂರರ ಸ್ಪರ್ಧೆಯ ರೈಫಲ್ಲುಗಳನ್ನು ನೋಡಿ: ಕೆನ್ನೆಪಟ್ಟಿ ಏರಿಸಬಹುದು, ಬುಡ ಹಿಂದೆ ಮುಂದೆ ಸರಿಸಬಹುದು, ಅಂಗೈ ಕೂರುವ ಜಾಗ ತಿರುಗಿಸಬಹುದು. ಅಷ್ಟೂ ಅಳತೆಗಳು ಒಬ್ಬ ಮನುಷ್ಯನ ಮೈಗೆ. ಅಗ್ಗದ ದೇಶಿ ಏರ್ ರೈಫಲ್ಲಿಗೆ ಅಂಥ ಮರದ ಹಿಡಿಯನ್ನು ಕೆತ್ತಬಲ್ಲ ಬಡಗಿ ನಮ್ಮ ಪೇಟೆಯಲ್ಲಿ ಸಿಗುವುದಿಲ್ಲವೇ?

ಬಂದೂಕಿನ ವಿಷಯದಲ್ಲಿ ಕೊರತೆ ಇರುವುದು ಲೈಸೆನ್ಸ್ ಇರುವ ರಿಪೇರಿಗಾರರದ್ದು. ಕೋವಿ ರಿಪೇರಿ ಹೆಚ್ಚಾಗಿ ಅಪ್ಪನಿಂದ ಮಗನಿಗೆ ಬಂದ ವಿದ್ಯೆ. ಮಗ ಸಾಫ್ಟ್‌ವೇರಿಗೆ ಹೋದರೆ ಅಲ್ಲಿಗೇ ನಿಂತಿತು. 1980ರ ದಶಕದ ಮಧ್ಯದಿಂದ ಬಂದೂಕು ಆಮದು ಬಹುತೇಕ ನಿಂತಿರುವುದರಿಂದ, ಕೊಡಗಿನಿಂದ ಚಿಕ್ಕಮಗಳೂರಿನವರೆಗೆ ಮನೆಮನೆಯಲ್ಲಿರುವ ಹಳೆಯ ಕೋವಿಗಳು ಇನ್ನೂ ಹಳೆಯವಾಗುತ್ತಿವೆ. ಅಂತರ ತಪ್ಪಿದ ಬೋಲ್ಟು, ತುಕ್ಕು ತಿಂದ ನಳಿಗೆ, ಸಡಿಲವಾದ ಹಿಡಿ ಇರುವ ಕೋವಿ ಮೊದಲು ಗಾಯ ಮಾಡುವುದು ಹಿಡಿದವನಿಗೆ. ಸರಿಯಾದ ಕೈ ಸಿಗದಾಗ ಜನ ಲೈಸೆನ್ಸ್ ಇಲ್ಲದ ಕೈಗೆ ಹೋಗುತ್ತಾರೆ. ಕಾನೂನು ತಡೆಯಬೇಕೆಂದಿರುವುದು ಇದನ್ನೇ.

ಬೆಂಗಳೂರಿಗೆ ನಿಖರ ಯಂತ್ರಕೆಲಸ ಹೇಳಿಕೊಡಬೇಕಾಗಿಲ್ಲ. ಎಚ್.ಎ.ಎಲ್., ಎಚ್.ಎಂ.ಟಿ.ಗಳ ಊರಿದು. ಸ್ಪ್ರಿಂಗ್ ತಯಾರಿಕೆಯಿಂದ ಹೆಸರಾದ ಒಂದು ಬೆಂಗಳೂರು ಸಂಸ್ಥೆಯಿಂದ ಬಂದ ಎಸ್.ಎಸ್.ಎಸ್. ಡಿಫೆನ್ಸ್ ಇಂದು ಇಲ್ಲಿಂದಲೇ ಸ್ನೈಪರ್ ರೈಫಲ್ಲುಗಳನ್ನು ತಯಾರಿಸುತ್ತಿದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಶುರುವಾದ, ರಾಜಾಜಿನಗರ ಕೈಗಾರಿಕಾ ಬಡಾವಣೆಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಸಾವಿರಾರು ಮಕ್ಕಳು ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆಯುವುದನ್ನು ಕಲಿತಿದ್ದಾರೆ. ಅಲ್ಲಿ ಕೋವಿ ರಿಪೇರಿಯ ಒಂದು ಕೋರ್ಸ್ ಶುರುವಾಗಲಿ. ಪೊಲೀಸ್ ಪರಿಶೀಲನೆ ಆದವರಿಗೆ ಮಾತ್ರ ಪ್ರವೇಶ ಇರಲಿ, ಮುಗಿಸಿದವರಿಗೆ ರಿಪೇರಿ ಲೈಸೆನ್ಸಿನಲ್ಲಿ ಆದ್ಯತೆ ಸಿಗಲಿ, ಪ್ರತಿ ಜಿಲ್ಲೆಗೂ ಇಬ್ಬರಾದರೂ ಬರಲಿ. ಕೋವಿಯ ಲೈಸೆನ್ಸ್ ನವೀಕರಿಸುವ ಮೊದಲು ಅವರ ಹತ್ತಿರ ಗೇಜಿನಿಂದ ಪರೀಕ್ಷೆ ಮಾಡಿಸಿದ ಚೀಟಿ ಕಡ್ಡಾಯವಾಗಲಿ. ಮೊದಲ ಆರು ತಿಂಗಳು ಆ ಮಕ್ಕಳಿಗೆ ಲೋಹ ಮುಟ್ಟಿಸುವುದು ಬೇಡ. ಒಂದು ಏರ್ ರೈಫಲ್ಲಿನ ಹಿಡಿ ಕೊಟ್ಟು, ಪಕ್ಕದ ಬೆಂಚಿನಲ್ಲಿ ಕುಳಿತವನ ಭುಜ, ತೋಳು, ಕೆನ್ನೆಯ ಅಳತೆ ತೆಗೆದು ಅವನಿಗೆ ಹೊಂದುವಂತೆ ಕೆತ್ತಲು ಹೇಳಲಿ.